ನಾಲ್ಕನೆಯ ಷರತ್ತಿನ ಊರು

ಆ ಕಾಗದವನ್ನು ಬರೆದದ್ದು ನಾನು. ಒಂದೇ ಪುಟ, ಆರು ಷರತ್ತುಗಳು. ನಾಲ್ಕನೆಯದು ಹೀಗಿತ್ತು: ‘ವ್ಯಾಸಂಗ ಮುಗಿದ ಬಳಿಕ ವಿದ್ಯಾರ್ಥಿನಿಯು ಐದು ವರ್ಷ ಊರಿನಲ್ಲಿ ದಾದಿಯಾಗಿ ಸೇವೆ ಸಲ್ಲಿಸತಕ್ಕದ್ದು.’ ಅದರ ಕೆಳಗೆ ಸಹಿ ಹಾಕಿದ ಮೊದಲ ವಿದ್ಯಾರ್ಥಿನಿ ನನ್ನ ತಂಗಿ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಮಂಗಳೂರಿನ ಒಂದು ದಿನಪತ್ರಿಕೆಗೆ ಬೆಳ್ತಂಗಡಿಯ ವರದಿಗಾರನಾಗಿದ್ದೆ. ಮನೆ ಮಡಂತ್ಯಾರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗುವುದು, ತಾಲೂಕು ಕಚೇರಿ, ಠಾಣೆ, ಆಸ್ಪತ್ರೆ ಸುತ್ತಿ ಮಧ್ಯಾಹ್ನದೊಳಗೆ ಸುದ್ದಿ ಬರೆದು ಕವರಿಗೆ ಹಾಕಿ ಮಂಗಳೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಬಸ್ಸು ಕೆಟ್ಟರೆ ಬೆಳ್ತಂಗಡಿಯ ಸುದ್ದಿ ಮರುದಿನ ಇರುತ್ತಿರಲಿಲ್ಲ. ಸುದ್ದಿ ತಿದ್ದುವ ಮೇಜಿನ ಮುಖ್ಯಸ್ಥರು ಕಡ್ಡಿ ಮುರಿದ ಹಾಗೆ ಮಾತಾಡುವವರು. ಒಮ್ಮೆ ನಾನು ‘ಊರಿನ ಸೇತುವೆ ಕುಸಿದಿದೆ’ ಎಂದು ಬರೆದು ಕಳುಹಿಸಿದ್ದಕ್ಕೆ ಫೋನು ಮಾಡಿಸಿ ಕರೆದರು.

“ಯಾರ ಊರು ಮಾರಾಯ? ನನ್ನದಾ ನಿನ್ನದಾ? ಓದುವವನು ಸುಳ್ಯದಲ್ಲಿ ಕೂತಿದ್ದಾನೆ. ಅವನ ಸೇತುವೆ ಕುಸಿದದ್ದು ಅಂತ ಅವನು ಹೊಳೆ ನೋಡ್ಲಿಕ್ಕೆ ಹೋಗ್ಬೇಕಾ?”

ಅಂದಿನಿಂದ ಸುದ್ದಿಯಲ್ಲಿ ಆ ಪದವನ್ನು ನಾನು ಬಳಸಲಿಲ್ಲ. ಬೇರೆಯವರು ಬರೆದು ತಂದ ಹೇಳಿಕೆಗಳಲ್ಲಿ ಕಂಡರೂ ಹೊಡೆದು ಹಾಕುತ್ತಿದ್ದೆ. ಷರತ್ತಿನ ಕಾಗದದಲ್ಲಿ ಮಾತ್ರ ಅದು ಉಳಿಯಿತು.

ಆ ಷರತ್ತುಗಳನ್ನು ಹಾಕಿದ ಸಂಸ್ಥೆ ಹುಟ್ಟಿದ್ದು ಒಂದು ಸಾವಿನಿಂದ. ನಮ್ಮ ಪಕ್ಕದ ಗುಡ್ಡದ ಮನೆಯ ಹೆಂಗಸೊಬ್ಬರು ಹೆರಿಗೆಯ ನೋವಿನಲ್ಲಿ ಜೀಪಿನಲ್ಲಿ ಮಂಗಳೂರಿಗೆ ಹೋಗುತ್ತಾ ಬಂಟ್ವಾಳ ತಲುಪುವ ಮೊದಲೇ ತೀರಿಕೊಂಡರು. ಹೆಂಗಸರನ್ನು ನೋಡುವ ಹೆಂಗಸು ಇಲ್ಲಿ ಒಬ್ಬರೂ ಇಲ್ಲ ಎಂಬ ಮಾತು ಮಸೀದಿಯ ಜಗಲಿಯಲ್ಲಿ, ಚರ್ಚಿನ ಮೈದಾನಿನಲ್ಲಿ, ಅಂಗಡಿಗಳಲ್ಲಿ ಕೆಲವು ವಾರ ಓಡಾಡಿತು. ಬಟ್ಟೆ ವ್ಯಾಪಾರಿ ಹಾಜಿಯವರೊಬ್ಬರು ಮುಂದೆ ನಿಂತರು. ಎಲ್ಲರೂ ಅವರನ್ನು ಹಾಜಾಕ ಎನ್ನುತ್ತಿದ್ದರು. ರಸ್ತೆ ಬದಿಯ ಹಳೆಯ ಗೋದಾಮನ್ನು ಜೈನ ಮನೆತನದ ಹಿರಿಯರೊಬ್ಬರು ಬಿಟ್ಟುಕೊಟ್ಟರು. ಅವರು ಎಲ್ಲರಿಗೂ ದಣಿಗಳು. ಕೊಲ್ಲಿಯಲ್ಲಿ ದುಡಿಯುವವರು ಮಂಚ, ಸ್ಟೀಲಿನ ಮೇಜು, ಫ್ರಿಜ್ಜು ಕೊಡಿಸಿದರು. ಬಾಗಿಲ ಮೇಲೆ ಬೋರ್ಡು ಬಂತು: ‘ಹೆರಿಗೆ ಆಸ್ಪತ್ರೆ. ದಿನದ ಇಪ್ಪತ್ತನಾಲ್ಕು ಗಂಟೆ.’

ಬಂಟ್ವಾಳದಿಂದ ವೈದ್ಯೆಯೊಬ್ಬರು ಬರಲು ಒಪ್ಪಿದರು. ದಾದಿ ಸಿಗಲಿಲ್ಲ. ಮಂಗಳೂರಿನಲ್ಲಿ ಕಲಿತವರು ಸೌದಿಗೆ ಹೋಗುತ್ತಿದ್ದರು, ಇಲ್ಲವೇ ಮಂಗಳೂರಿನಲ್ಲೇ ಉಳಿಯುತ್ತಿದ್ದರು. ಹಾಗಾದರೆ ನಮ್ಮ ಹುಡುಗಿಯರನ್ನೇ ಓದಿಸುವ ಎಂದರು ಹಾಜಾಕ. ಓದಿಸಿದ ಮೇಲೆ ಅವರೂ ಹೋದರೆ ಎಂಬ ಪ್ರಶ್ನೆ ಎತ್ತಿದವರು ಸಂಸ್ಥೆಯ ಕಾರ್ಯದರ್ಶಿ, ನನಗೆ ಶಾಲೆಯಲ್ಲಿ ಕನ್ನಡ ಕಲಿಸಿದ ನಿವೃತ್ತ ಮಾಸ್ಟ್ರು. ಅದಕ್ಕೆ ಷರತ್ತು. ಮೂಲ ಅಂಕಪಟ್ಟಿ, ಡಿಪ್ಲೊಮಾ, ನೋಂದಣಿ ಪತ್ರ ಐದು ವರ್ಷ ಸಂಸ್ಥೆಯ ಕಪಾಟಿನಲ್ಲಿ ಇರಬೇಕು ಎಂಬುದು ಐದನೆಯ ಷರತ್ತು. ಇಂಥದ್ದು ಸರಿಯೇ ಎಂದು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ನನಗೆ ಒಪ್ಪಿಸಿದ ಕೆಲಸ ಕನ್ನಡ ಮಾಡುವುದು. ಅದನ್ನು ಮಾಡಿದೆ.

ತಂದೆ ಅದಾಗಲೇ ಇರಲಿಲ್ಲ. ಉಮ್ಮ ಬೀಡಿ ಕಟ್ಟುತ್ತಿದ್ದರು. ತಂಗಿ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು ಉಮ್ಮನ ಪಕ್ಕ ಕೂತು ಎಲೆ ಕತ್ತರಿಸುತ್ತಿದ್ದಳು. ದಾದಿಯ ಕೆಲಸ ಎಂದಾಗ ಉಮ್ಮನಿಗೆ ಮನಸ್ಸಿರಲಿಲ್ಲ.

“ಗಂಡಸರ ಮೈ ಮುಟ್ಟುವ ಕೆಲಸ ಅಂತೆ. ಜನ ಎಂತ ಹೇಳಿಯಾರು?”

“ಇಲ್ಲಿ ಹೆಂಗಸರ ಆಸ್ಪತ್ರೆ ಉಮ್ಮ. ಗಂಡಸರು ಹೊರಗೆ ಬೆಂಚಿನಲ್ಲಿ,” ಎಂದಳು ತಂಗಿ. “ಕಾಕ ಬರೆದ ಕಾಗದದಲ್ಲಿ ಎಲ್ಲ ಉಂಟು.”

ಕಾಕ ಎಂದರೆ ನಮ್ಮ ಬ್ಯಾರಿ ಮಾತಿನಲ್ಲಿ ಅಣ್ಣ. ಅವಳು ಆ ಕಾಗದವನ್ನು ಓದದೆಯೇ ಸಹಿ ಮಾಡಿದಳು ಎಂದು ಹೇಳಲಾರೆ. ಎರಡು ಸಲ ಓದಿದಳು. “ಚೆಂದ ಬರೆದಿದ್ದಿ,” ಎಂದಳು.

ಮೂರು ವರ್ಷ ಮಂಗಳೂರಿನಲ್ಲಿ ಕಲಿತು ಬಂದಳು. ಬಿಳಿ ಸಮವಸ್ತ್ರದ ಮೇಲೆ ಬಿಳಿಯದೇ ತಲೆವಸ್ತ್ರ. ಮೊದಲ ದಿನ ಮಾಸ್ಟ್ರು ಅವಳ ಮೂಲ ಪ್ರಮಾಣಪತ್ರಗಳನ್ನು ರಟ್ಟಿನ ಕಡತಕ್ಕೆ ಹಾಕಿ, ಟ್ವೈನು ದಾರ ಕಟ್ಟಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. “ನಿನ್ನದು ಇಲ್ಲಿ ಭದ್ರ ಉಂಟು ಮಗಾ,” ಎಂದರು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಮೊದಲ ಎರಡು ವರ್ಷ ಕೆಲಸ ನಡೆಯಿತು. ಹೆರಿಗೆಯಾದ ಮನೆಗಳಿಂದ ತಿಂಡಿಯ ಡಬ್ಬ ಬರುತ್ತಿತ್ತು. ಬಸ್ಸಿನಲ್ಲಿ ಹೆಂಗಸರು ತಂಗಿಗೆ ಸೀಟು ಬಿಡುತ್ತಿದ್ದರು. ಅವಳು ಕೈ ನೋಡಿ ಮಾತಾಡುವ ಅಭ್ಯಾಸ ಬೆಳೆಸಿಕೊಂಡಳು. ಯಾರ ಮನೆಗೆ ಹೋದರೂ ಬಸುರಿಯರ ಅಂಗೈ, ಉಗುರು, ಕಣ್ಣಿನ ಕೆಳಗಿನ ರೆಪ್ಪೆ ನೋಡುವುದು, “ರಕ್ತ ಕಮ್ಮಿ ಉಂಟು ನಿಂಗೆ, ಬಸಳೆ ತಿನ್ನು ಮಾರಾಯ್ತಿ,” ಎನ್ನುವುದು. ನಾನು ಸಂಸ್ಥೆಯ ಬಗ್ಗೆ ಎರಡು ಕಾಲಮ್ಮಿನ ಸುದ್ದಿ ಬರೆದೆ. ತಂಗಿಯ ಹೆಸರು ಹಾಕಲಿಲ್ಲ. ಮನೆಯವರ ಹೆಸರು ಹಾಕಬಾರದು ಎಂಬುದು ನನ್ನ ನಿಯಮ.

ಮೂರನೆಯ ವರ್ಷ ವೈದ್ಯೆಯ ಗಂಡನಿಗೆ ವರ್ಗವಾಯಿತು. ಅವರು ಹೊರಟರು. ಅವರನ್ನು ಹಿಡಿದಿಡುವ ಕಾಗದ ಯಾವುದೂ ಇರಲಿಲ್ಲ. ಬೇರೆ ವೈದ್ಯೆಯನ್ನು ಹುಡುಕಿದರು. ಒಬ್ಬರು ಬಂದು ನೋಡಿ, ಊಟ ಮಾಡಿ ಹೋದರು. ಮತ್ತೊಬ್ಬರು ಶನಿವಾರ ಮಾತ್ರ ಬರುತ್ತೇನೆ ಎಂದು ನಾಲ್ಕು ಶನಿವಾರ ಬಂದರು. ಆಮೇಲೆ ಹೆರಿಗೆಗಳು ನಿಂತವು. ತಂಗಿ ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆದು ಸಂಜೆ ಐದಕ್ಕೆ ಹಾಕುತ್ತಿದ್ದಳು. ರಕ್ತದೊತ್ತಡ ನೋಡುವುದು, ಗಾಯಕ್ಕೆ ಬಟ್ಟೆ ಕಟ್ಟುವುದು, ಬೇರೆ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಕೊಡುವುದು. ಹೆರಿಗೆಯ ಮಂಚದ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಸೇರಿತು.

ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸುವ ಇಂಜೆಕ್ಷನ್ ತಂಪಿನಲ್ಲಿ ಇರಬೇಕು. ಫ್ರಿಜ್ಜು ಕೆಟ್ಟಿತು, ಇದ್ದ ಇಂಜೆಕ್ಷನ್‌ಗಳ ಅವಧಿಯೂ ಮುಗಿಯಿತು. ತಂಗಿ ಪ್ರತಿ ತಿಂಗಳು ಬೇಕಾದ ಸಾಮಾನಿನ ಪಟ್ಟಿ ಬರೆದು ಮಾಸ್ಟ್ರಿಗೆ ಕೊಡುತ್ತಿದ್ದಳು. ಮಾಸ್ಟ್ರು ಪಟ್ಟಿಯಲ್ಲಿ ಆ ಸಾಲಿನ ಪಕ್ಕ ಪ್ರಶ್ನೆಯ ಚಿಹ್ನೆ ಹಾಕುತ್ತಿದ್ದರು.

“ಹೆರಿಗೆಯೇ ಇಲ್ಲವಲ್ಲ ಮಗಾ. ಇದು ಯಾರಿಗೆ?”

“ಹಾಗಾದ್ರೆ ಬೋರ್ಡು ತೆಗೆಸಿ ಮಾಸ್ಟ್ರೇ. ಜನ ನೋಡಿ ಒಳಗೆ ಬರ್ತಾರೆ.”

“ಬೋರ್ಡು ಇರಲಿ. ಊರಿಗೆ ಬಂದವರು ಅದರ ಕೆಳಗೆ ನಿಂತು ಫೋಟೋ ತೆಗಿತಾರೆ. ಡಾಕ್ಟರು ಸಿಕ್ಕಿದ ಮೇಲೆ ಪುನಃ ಬರೆಸ್ಲಿಕ್ಕೆ ಉಂಟಾ?”

ಊರಿಗೆ ಬಂದವರು ಎಂದರೆ ರಜೆಯಲ್ಲಿ ಕೊಲ್ಲಿಯಿಂದ ಬಂದವರು. ಫೋಟೋದಲ್ಲಿ ತಂಗಿಯನ್ನೂ ನಿಲ್ಲಿಸುತ್ತಿದ್ದರು.

ಆ ವರ್ಷವೇ ಅವಳ ಮದುವೆಯಾಯಿತು. ಹುಡುಗ ಶಿರ್ತಾಡಿಯವನು, ಅಲ್ಲಿ ಟಯರಿನ ಅಂಗಡಿ. ಮಡಂತ್ಯಾರಿನಿಂದ ಶಿರ್ತಾಡಿಗೆ ಬಸ್ಸು ಬದಲಿಸಿ ಹೋಗಬೇಕು, ಬದಲಿಸುವಲ್ಲಿ ಕಾಯಬೇಕು. ಅವಳು ವಾರವೆಲ್ಲ ನಮ್ಮ ಮನೆಯಲ್ಲಿದ್ದು ಶನಿವಾರ ಸಂಜೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದಳು. ಅದೇ ಹೊತ್ತಿಗೆ ಮೂಡುಬಿದಿರೆಯ ಒಂದು ದೊಡ್ಡ ಆಸ್ಪತ್ರೆಯಿಂದ ಅವಳಿಗೆ ಕರೆ ಬಂತು. ಹೆರಿಗೆ ವಿಭಾಗದಲ್ಲಿ ಕೆಲಸ. ಶಿರ್ತಾಡಿಯಿಂದ ಮೂಡುಬಿದಿರೆಗೆ ಒಂದೇ ಬಸ್ಸು, ಬದಲಿಸಬೇಕಿಲ್ಲ. ಮೂಲ ಪ್ರಮಾಣಪತ್ರ ತೋರಿಸಿ ತಿಂಗಳೊಳಗೆ ಸೇರಬೇಕು ಎಂದಿತ್ತು.

“ಕಾಕ, ನಾನು ಕಲಿತದ್ದು ಕೈಯಿಂದ ಹೋಗ್ತಾ ಉಂಟು,” ಎಂದಳು. “ವರ್ಷ ಆಗ್ತಾ ಬಂತು ಒಂದು ಮಗು ಹಿಡಿಯದೆ. ಇನ್ನು ಎರಡು ವರ್ಷ ಹೀಗೆ ಕೂತರೆ ನನ್ನನ್ನು ಯಾರು ಕರೀತಾರೆ? ಮೂಡುಬಿದಿರೆ ಎಂತ ಅಮೆರಿಕವಾ? ಅದೂ ಊರೇ ಅಲ್ವಾ? ಅಲ್ಲಿ ಹೆರುವವರೂ ನಮ್ಮದೇ ಹೆಂಗಸರು. ನಾನು ಅದನ್ನೇ ಕೇಳ್ತೇನೆ ಮೀಟಿಂಗಿನಲ್ಲಿ.”

ಕೇಳು ಎಂದೆ. ನಾನೂ ಬರುತ್ತೇನೆ ಎಂದೆ.

ಸಭೆ ಕರೆದದ್ದು ಒಂದು ಭಾನುವಾರ ಸಂಜೆ ನಾಲ್ಕೂವರೆಗೆ, ಆಸ್ಪತ್ರೆಯ ಮುಂದಿನ ಕೋಣೆಯಲ್ಲಿ. ಸಂಸ್ಥೆಯ ಸಭೆಗಳಿಗೆ ಒಂದು ಪದ್ಧತಿ ಇತ್ತು. ಸೂರ್ಯ ಮುಳುಗುವ ಮೊದಲು ಮುಗಿಯಬೇಕು. ದಣಿಗಳು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಬೆಳಕಿರುವಾಗ ಮನೆ ಸೇರಬೇಕು. ಹಾಜಾಕನಿಗೆ ಸಂಜೆಯ ಮಗ್ರಿಬ್‌ ನಮಾಜು. ಆದ್ದರಿಂದ ಕಿಟಕಿಯ ಬಿಸಿಲು ಗೋಡೆಯ ಕ್ಯಾಲೆಂಡರಿನ ಮೇಲಕ್ಕೆ ಹೋದಾಗ ಯಾವ ವಿಷಯವಿದ್ದರೂ ತೀರ್ಮಾನಕ್ಕೆ ಬರುತ್ತಿತ್ತು. ಸಭೆ ನಡೆಯುವುದು ತುಳುವಿನಲ್ಲಿ, ಬರೆದಿಡುವುದು ಕನ್ನಡದಲ್ಲಿ.

ಮೊದಲ ಒಂದು ಗಂಟೆ ಮಾಡಿನ ಹಂಚು, ಬಾವಿಯ ಪಂಪು. ತಂಗಿ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು, ರೋಗಿಗಳ ಕಡೆಯವರು ಕೂರುವ ಬೆಂಚು. ಅವಳ ಅರ್ಜಿ ಬಂದಾಗ ಮಾಸ್ಟ್ರು ಕಡತ ಬಿಚ್ಚಿ ನಾಲ್ಕನೆಯ ಷರತ್ತನ್ನು ಗಟ್ಟಿಯಾಗಿ ಓದಿದರು.

“ಊರಿನಲ್ಲಿ ಅಂತ ಉಂಟು. ಮೂಡುಬಿದಿರೆ ನಮ್ಮ ತಾಲೂಕೇ ಅಲ್ಲ,” ಎಂದರು.

ರಜೆಯಲ್ಲಿ ಬಂದಿದ್ದ ದಾನಿಯೊಬ್ಬರು ನಕ್ಕರು. ಅವರಿಗೆ ದುಬೈಯಲ್ಲಿ ಕೆಲಸ. “ತಾಲೂಕು ಯಾರು ನೋಡ್ತಾರೆ ಮಾಸ್ಟ್ರೇ? ಅಲ್ಲಿ ನಮಗೆ ಕುಂದಾಪುರದಿಂದ ಕಾಸರಗೋಡಿನವರೆಗೆ ಎಲ್ಲವೂ ಊರೇ. ಬಜ್ಪೆಯಲ್ಲಿ ವಿಮಾನ ಇಳಿದ್ರೆ ಊರು ಬಂತು. ಹುಡುಗಿ ಸೌದಿಗೆ ಹಾರ್ಬಾರ್ದು ಅಂತ ತಾನೇ ನಾವು ಹೇಳಿದ್ದು?”

“ಹಾಗಾದ್ರೆ ಮುಂಬಯಿಗೂ ಹೋಗ್ಲಿ,” ಎಂದರು ಹಾಜಾಕ. “ಅಲ್ಲಿಯೂ ಹೋಟೆಲಿನಲ್ಲಿ ಪೂರ ನಮ್ಮವರೇ ಇರುವುದು.”

“ನಾನು ಮುಂಬಯಿಗೆ ಕೇಳ್ಲಿಲ್ಲ ಹಾಜಾಕ,” ಎಂದಳು ತಂಗಿ ಬೆಂಚಿನಿಂದ. “ಇಲ್ಲಿ ಕೆಲಸ ಇಲ್ಲ. ಅಲ್ಲಿ ಉಂಟು. ಅಷ್ಟೆ.”

“ಕೆಲಸ ಇಲ್ಲ ಅಂತ ನೀನು ಹೇಳುವುದು. ಬಾಗಿಲು ತೆರೆದು ಒಬ್ಬಳು ಕೂತಿದ್ದಾಳೆ ಅಂತ ಜನರಿಗೆ ಒಂದು ಧೈರ್ಯ ಇಲ್ವಾ? ಗಂಡನ ಮನೆ ದೂರ ಅಂತ ನಿನಗೆ ಬೇಸರ. ಪುದಿಯಾಪ್ಳೆಯನ್ನು ಇಲ್ಲಿಗೇ ಕರೆಸು. ನಮ್ಮಲ್ಲಿ ಅದೇ ಕ್ರಮ ಅಲ್ವಾ? ನಿನ್ನ ಉಮ್ಮ ಕೋಳಿ ಕೊಯ್ಯಲಿ.”

ಎಲ್ಲರೂ ನಕ್ಕರು. ಪುದಿಯಾಪ್ಳೆ ಎಂದರೆ ಹೊಸ ಮದುಮಗ. ನಮ್ಮಲ್ಲಿ ಹೊಸದರಲ್ಲಿ ಅವನು ಹೆಣ್ಣಿನ ಮನೆಯಲ್ಲಿ ಬಂದು ಉಳಿಯುವುದು ವಾಡಿಕೆ. ತಂಗಿ ನಗಲಿಲ್ಲ. “ಅವರು ಬಂದ್ರೆ ಟಯರನ್ನು ನೀವು ತಿರುಗಿಸ್ತೀರಾ?” ಎಂದಳು. ಅದಕ್ಕೂ ನಕ್ಕರು.

ದಣಿಗಳು ಅಷ್ಟರವರೆಗೆ ಮಾತಾಡಿರಲಿಲ್ಲ. ಅವರು ಕಿಟಕಿ ನೋಡಿದರು. ಬಿಸಿಲು ಕ್ಯಾಲೆಂಡರಿನ ಮೇಲಿನ ಮೊಳೆಯ ಹತ್ತಿರ ಇತ್ತು.

“ಇದು ಶಬ್ದದ ಪ್ರಶ್ನೆ,” ಎಂದರು. “ಮಾಸ್ಟ್ರೇ, ನೀವು ವ್ಯಾಕರಣದವರು. ಊರಿನಲ್ಲಿ ಅಂದ್ರೆ ಎಂತ?”

“ಸಪ್ತಮಿ ವಿಭಕ್ತಿ,” ಎಂದರು ಮಾಸ್ಟ್ರು. “ವಿಭಕ್ತಿ ಗೊತ್ತುಂಟು ದಣಿಗಳೇ, ಗಡಿ ಗೊತ್ತಿಲ್ಲ.”

“ಬರೆದವರು ಇಲ್ಲಿಯೇ ಇದ್ದಾರಲ್ಲ,” ಎಂದು ದಣಿಗಳು ನನ್ನ ಕಡೆ ತಿರುಗಿದರು. “ಪತ್ರಿಕೆಯವರು. ಸುಳ್ಳು ಬರೆಯುವವರಲ್ಲ. ನೀವು ಹೇಳಿ. ಬರೆಯುವಾಗ ಊರು ಅಂದ್ರೆ ಯಾವುದು ಅಂತ ಇತ್ತು ನಿಮ್ಮ ಮನಸ್ಸಿನಲ್ಲಿ? ನೀವು ಹೇಳಿದ್ದನ್ನು ನಾವು ಒಪ್ಪುವ.”

ನಾನು ಉತ್ತರ ಕೊಡಲು ತೆಗೆದುಕೊಂಡ ಹೊತ್ತು ತೀರ ಕಡಿಮೆ. ನನಗೆ ನೆನಪಾದದ್ದು ಗುಡ್ಡದ ಮನೆಯ ಹೆಂಗಸಿನ ಮಯ್ಯತ್ತನ್ನು, ಅವರ ಶವವನ್ನು, ಜೀಪಿನಿಂದ ಇಳಿಸಿದ ಅಂಗಳ, ಆಮೇಲೆ ನಮ್ಮ ಮನೆಯ ಮೇಜಿನಲ್ಲಿ ಒಂದೇ ಸಲಕ್ಕೆ ಕೂತು ಆರು ಷರತ್ತು ಬರೆದದ್ದು. ಹಾಗೆಂದು ನನ್ನ ನೆನಪು ಹೇಳುತ್ತಿತ್ತು. ತಂಗಿಯ ಪರವಾಗಿ ಅರ್ಥ ತಿರುಚಿದ ಎಂದು ನಾಳೆ ಯಾರೂ ಹೇಳಬಾರದು ಎಂಬುದೂ ಇತ್ತು. ಅದನ್ನು ಬಿಟ್ಟು ಬರೆದರೆ ಇದು ಪೂರ್ಣ ವರದಿಯಾಗುವುದಿಲ್ಲ.

“ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಮಡಂತ್ಯಾರು,” ಎಂದೆ.

“ಆಯ್ತಲ್ಲ,” ಎಂದು ದಣಿಗಳು ಎದ್ದರು. ಮಾಸ್ಟ್ರು ಬರೆದುಕೊಂಡರು. ಹಾಜಾಕ ಟೊಪ್ಪಿ ಸರಿಮಾಡಿಕೊಂಡು ಹೊರಟರು. ಮಸೀದಿಯಿಂದ ಬಾಂಗಿನ ಸದ್ದು ಬಂದಾಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ತಂಗಿ ಕುರ್ಚಿಗಳನ್ನು ಗೋಡೆಗೆ ಒತ್ತಿ ಇಟ್ಟು, ದೀಪ ಆರಿಸಿ, ಬೀಗ ಹಾಕಿದಳು.

ಮನೆಯ ದಾರಿಯಲ್ಲಿ ಅಂಗಡಿಗಳ ಸಾಲು ದಾಟಿದ ಮೇಲೆ ತಂಗಿ ಹೇಳಿದಳು:

“ನೀನು ಸುಳ್ಳು ಹೇಳ್ಬೇಕಿತ್ತು ಅಂತ ನಾನು ಹೇಳುವುದಿಲ್ಲ ಕಾಕ. ನೆನಪಿಲ್ಲ ಅಂತ ಹೇಳ್ಬಹುದಿತ್ತು.”

“ನೆನಪಿತ್ತಲ್ಲ.”

“ಆಯ್ತು,” ಎಂದಳು. “ನಿನ್ನ ಪೇಪರಿನಲ್ಲಿ ಹಾಕು.”

ಮೂಡುಬಿದಿರೆಯ ತಿಂಗಳು ಮುಗಿಯಿತು. ಆ ಕೆಲಸಕ್ಕೆ ಬೇರೆಯವರು ಬಂದರು. ತಂಗಿ ಮತ್ತೆ ಒಂಬತ್ತಕ್ಕೆ ಬೀಗ ತೆಗೆಯುತ್ತಿದ್ದಳು.

ಮುಂದಿನದು ಸಭೆಯಾಗಿ ಏಳೆಂಟು ತಿಂಗಳ ಮೇಲೆ ನಡೆದದ್ದು. ನಾನು ಅಲ್ಲಿರಲಿಲ್ಲ. ತಂಗಿ ಹೇಳಿದ್ದು, ಜೀಪಿನ ಚಾಲಕ ಹೇಳಿದ್ದು, ತೀರಿಹೋದವಳ ಗಂಡ ಹೇಳಿದ್ದು, ಈ ಮೂರನ್ನೂ ಆ ವಾರವೇ ಬರೆದಿಟ್ಟುಕೊಂಡಿದ್ದೆ. ಮೂರೂ ಒಂದಕ್ಕೊಂದು ಹೊಂದುವ ಭಾಗವನ್ನಷ್ಟೇ ಇಲ್ಲಿ ಕೊಡುತ್ತೇನೆ.

ಬೆಳಿಗ್ಗೆ ಹತ್ತೂವರೆ. ಒಳಗಿನ ಹಳ್ಳಿಯಿಂದ ಒಂದು ಜೀಪು ಬಂತು. ಗಂಡ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವವನು. ಹೆಂಡತಿ ಬೀಡಿ ಕಟ್ಟುವವಳು. ಬೆಳಗಿನ ಜಾವ ಮನೆಯಲ್ಲೇ ಹೆರಿಗೆಯಾಗಿತ್ತು, ಮಗು ಚೆನ್ನಾಗಿತ್ತು, ಮಾಸೂ ಬಿದ್ದಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಬೆಳ್ತಂಗಡಿಯ ಆಸ್ಪತ್ರೆಗೆಂದೇ ಹೊರಟಿದ್ದರು. ಮಡಂತ್ಯಾರಿನಲ್ಲಿ ಬೋರ್ಡು ಕಂಡು ಗಂಡ ಜೀಪು ನಿಲ್ಲಿಸಿದ. ಹೆರಿಗೆ ಆಸ್ಪತ್ರೆ, ಇಪ್ಪತ್ತನಾಲ್ಕು ಗಂಟೆ. ಬಾಗಿಲು ತೆರೆದಿತ್ತು. ಒಳಗೆ ಬಿಳಿ ಬಟ್ಟೆಯ ದಾದಿ ಇದ್ದಳು. ಹೆಂಡತಿಯನ್ನು ಚಾಪೆಯ ಸಮೇತ ಎತ್ತಿ ಒಳಗೆ ತಂದರು.

“ಡಾಕ್ಟರು ಇಲ್ಲ,” ಎಂದು ತಂಗಿ ಹೇಳುವಷ್ಟರಲ್ಲಿ ಅವಳನ್ನು ಮಂಚದ ಮೇಲೆ ಮಲಗಿಸಿದ್ದರು, ಪತ್ರಿಕೆಗಳ ಕಟ್ಟು ಕೆಳಗೆ ಬಿದ್ದಿತ್ತು. ತಂಗಿ ನಾಡಿ ನೋಡಿದಳು. ಇದ್ದ ಎರಡು ಬಾಟಲಿ ಸಲೈನಿನಲ್ಲಿ ಒಂದನ್ನು ಹಾಕಲು ನರ ಹುಡುಕಿದಳು. ನರ ಕುಸಿದಿತ್ತು. ಎರಡು ಸಲ ತಪ್ಪಿ ಮೂರನೆಯ ಸಲ ಸಿಕ್ಕಿತು. ಬೇಕಾದ ಇಂಜೆಕ್ಷನ್ ಇರಲಿಲ್ಲ. ಇಲ್ಲ ಎಂದು ಗೊತ್ತಿದ್ದೂ ಫ್ರಿಜ್ಜಿನ ಬಾಗಿಲು ತೆರೆದು ನೋಡಿದೆ ಕಾಕ ಎಂದು ಆಮೇಲೆ ಹೇಳಿದಳು. ಅಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಆಗಿತ್ತು ಎಂಬುದರಲ್ಲಿ ಮೂವರ ಮಾತೂ ಒಂದೇ.

ಮತ್ತೆ ಜೀಪಿಗೆ ಎತ್ತಿದರು. ತಂಗಿಯೂ ಹತ್ತಿದಳು. ಬಾಟಲಿಯನ್ನು ಗಂಡನ ಕೈಗೆ ಕೊಟ್ಟು ಮೇಲೆತ್ತಿ ಹಿಡಿಯಲು ಹೇಳಿ, ತಾನು ಮೊಣಕಾಲೂರಿ ಕೂತು ಎರಡೂ ಕೈಯಲ್ಲಿ ಅವಳ ಹೊಟ್ಟೆ ಒತ್ತಿ ಹಿಡಿದಳು. ರಸ್ತೆ ಕೆಟ್ಟಿತ್ತು. ಗುಂಡಿ ಬಂದಾಗಲೆಲ್ಲ ಕೈ ಜಾರುತ್ತಿತ್ತು. ಆ ಹೆಂಗಸು ಒಮ್ಮೆ ಕಣ್ಣು ತೆರೆದು ತುಳುವಿನಲ್ಲಿ ಮಗು ಯಾರ ಹತ್ತಿರ ಇದೆ ಎಂದು ಕೇಳಿದಳು. ಅತ್ತೆಯ ಹತ್ತಿರ ಎಂದ ಗಂಡ. ಗುರುವಾಯನಕೆರೆ ತಲುಪುವ ಮೊದಲು ನಾಡಿ ಸಿಗಲಿಲ್ಲ. ತಂಗಿ ಹೇಳಲಿಲ್ಲ. ಬೆಳ್ತಂಗಡಿಯವರೆಗೂ ಕೈ ತೆಗೆಯಲಿಲ್ಲ. ಗಂಡ ಬಾಟಲಿಯನ್ನು ಹಿಡಿದೇ ಇದ್ದ.

ನಾನು ಆ ಹೊತ್ತಿಗೆ ಅದೇ ಆಸ್ಪತ್ರೆಯ ಕಚೇರಿಯಲ್ಲಿ ಬೇರೆ ಸುದ್ದಿಗೆ ಕೂತಿದ್ದೆ. ಯಾರೋ ಬಂದು ಮಡಂತ್ಯಾರಿನ ಸಿಸ್ಟರು ಹೊರಗಿದ್ದಾರೆ ಎಂದರು. ಅವಳು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಮೊಣಕೈಯವರೆಗೆ. ನನ್ನನ್ನು ನೋಡಿ ನಲ್ಲಿ ನಿಲ್ಲಿಸಿದಳು.

“ಬರಕೊಳ್ಳುವುದಿದ್ರೆ ಬರಕೊ,” ಎಂದಳು.

ಹೊರಗೆ ಗಂಡ ಜೀಪಿನ ಹಿಂದಿನ ಮೆಟ್ಟಿಲಲ್ಲಿ ಕೂತಿದ್ದ. ಅವನು ಯಾರನ್ನೂ ಬಯ್ಯಲಿಲ್ಲ. “ಬೋರ್ಡು ಇತ್ತಲ್ಲ ಸಾಹೇಬ್ರೆ,” ಎಂದ. “ಬೋರ್ಡು ನೋಡಿ ನಿಲ್ಲಿಸಿದ್ದು.” ಮತ್ತೆ ಅದನ್ನೇ ಹೇಳಿದ.

ಅಂದು ನಾನು ಮಂಗಳೂರಿಗೆ ಫೋನು ಮಾಡಿ, ಇದರಲ್ಲಿ ನನ್ನ ತಂಗಿ ಇದ್ದಾಳೆ, ನಾನು ಬರೆಯಬಾರದು ಎಂದು ಹೇಳಿದೆ. ಮುಖ್ಯಸ್ಥರು ಒಪ್ಪಿದರು. ಬಂಟ್ವಾಳದ ವರದಿಗಾರ ಠಾಣೆಯಿಂದ ತೆಗೆದು ಆರು ಸಾಲು ಬರೆದ. ಮನೆಯಲ್ಲಿ ಹೆರಿಗೆ, ಅತಿಯಾದ ರಕ್ತಸ್ರಾವ, ಆಸ್ಪತ್ರೆಗೆ ಸಾಗಿಸುವಾಗ ಸಾವು. ಸ್ಥಳದ ಹೆಸರು ಸರಿಯಾಗಿಯೇ ಇತ್ತು. ಬೋರ್ಡಿನ ಮಾತು ಇರಲಿಲ್ಲ, ಇಂಜೆಕ್ಷನ್ನಿನ ಮಾತು ಇರಲಿಲ್ಲ, ಅವು ಠಾಣೆಯ ಪುಸ್ತಕದಲ್ಲಿ ಇರುವಂಥವಲ್ಲ. ಗೊತ್ತಿದ್ದವನು ನಿಯಮದ ಪ್ರಕಾರ ಸುಮ್ಮನಿದ್ದ.

ಜನ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ತಂಗಿಗೆ ಸೀಟು ಬಿಡುವುದು ನಿಂತಿತು. ಅಂಗಡಿಯ ಮುಂದೆ ಒಬ್ಬರು ಉಮ್ಮನಿಗೆ ಕೇಳುವ ಹಾಗೆ, “ಇಂಜೆಕ್ಷನ್ ಕೊಡ್ಲಿಕ್ಕೆ ಗೊತ್ತಿಲ್ಲದವರನ್ನು ಕೂರಿಸಿದ್ರೆ ಹೀಗೇ,” ಎಂದರು. ಉಮ್ಮ ಅಂದು ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡದೆಯೇ ಹಿಂದೆ ಬಂದರು. ಹಾಜಾಕ ಮನೆಗೆ ಬಂದು ಜಗಲಿಯಲ್ಲಿ ಕೂತರು. ಚಹಾ ಕುಡಿಯಲಿಲ್ಲ. ಎದ್ದು ಹೋಗುವಾಗ, “ಬೋರ್ಡು ತೆಗೆಸ್ತೇನೆ ಮೋಳೆ,” ಎಂದರು. ಮೋಳೆ ಎಂದರೆ ಮಗಳೇ. ಮರುದಿನ ಇಬ್ಬರು ಬಂದು ಬೋರ್ಡು ಇಳಿಸಿದರು. ಗೋಡೆಯಲ್ಲಿ ಬಿಳಿಯ ಆಯತ ಉಳಿಯಿತು.

ಬೋರ್ಡು ಮೊದಲೇ ಇಲ್ಲದಿದ್ದರೆ ಜೀಪು ನಿಲ್ಲುತ್ತಿರಲಿಲ್ಲ. ಇಂಜೆಕ್ಷನ್ ಇದ್ದಿದ್ದರೆ ನಿಂತದ್ದು ಉಪಯೋಗವಾಗುತ್ತಿತ್ತು. ತಂಗಿ ಮೂಡುಬಿದಿರೆಯಲ್ಲಿ ಇದ್ದಿದ್ದರೆ ಬಾಗಿಲಿಗೆ ಬೀಗ ಇರುತ್ತಿತ್ತು, ಜೀಪು ಮುಂದೆ ಹೋಗುತ್ತಿತ್ತು. ಆ ಹೆಂಗಸು ಆಗಲೂ ಬದುಕುತ್ತಿದ್ದಳೇ ಎಂದು ಬೆಳ್ತಂಗಡಿಯ ವೈದ್ಯರನ್ನು ಕೇಳಿದೆ. “ಇಪ್ಪತ್ತು ನಿಮಿಷ ಕಮ್ಮಿಯಾ?” ಎಂದರು ಅವರು. ನಾನು ಅದನ್ನೇ ಬರೆದಿಟ್ಟುಕೊಂಡೆ.

ತಂಗಿ ಉಳಿದ ಅವಧಿಯನ್ನು ಮುಗಿಸಿದಳು. ಒಂದು ದಿನವೂ ತಪ್ಪಿಸಲಿಲ್ಲ. ಬಾಗಿಲು ತೆರೆದು ಕೂರುತ್ತಿದ್ದಳು, ಯಾರೂ ಬರುತ್ತಿರಲಿಲ್ಲ. ಐದು ವರ್ಷ ತುಂಬಿದ ದಿನ ಮಾಸ್ಟ್ರು ಕಪಾಟಿನ ಬೀಗ ತೆಗೆದು ಕಡತವನ್ನು ಎರಡೂ ಕೈಯಲ್ಲಿ ಕೊಟ್ಟರು. ಅವರಿಗೆ ಆಗ ವಯಸ್ಸಾಗಿತ್ತು.

“ಎಲ್ಲ ಉಂಟಾ ನೋಡು ಮಗಾ.”

“ಇರ್ತದೆ ಮಾಸ್ಟ್ರೇ,” ಎಂದಳು. ಬಿಚ್ಚಲಿಲ್ಲ.

ಮರುದಿನ ಅವಳನ್ನು ಶಿರ್ತಾಡಿಗೆ ಬಿಡಲು ನಾನೂ ಹೋದೆ. ಮೂಡುಬಿದಿರೆಯ ಬಸ್ಸಿನಲ್ಲಿ ಪಕ್ಕಪಕ್ಕದ ಸೀಟು. ಕಿಟಕಿಯ ಬದಿಗೆ ಕೂತು ಅವಳು ಟ್ವೈನು ದಾರವನ್ನು ಹಲ್ಲಿನಿಂದ ಕಡಿದು ಕಡತ ಬಿಚ್ಚಿದಳು. ಅಂಕಪಟ್ಟಿಗಳು, ಡಿಪ್ಲೊಮಾ, ನೋಂದಣಿ ಪತ್ರ. ಗುಂಡುಸೂಜಿಯ ತುಕ್ಕು ಎಲ್ಲದರ ಮೂಲೆಗೂ ಹತ್ತಿತ್ತು. ಅದರ ಕೆಳಗೆ ಷರತ್ತಿನ ಕಾಗದ. ಅದರ ಹಿಂದೆ ಸೂಜಿಯಲ್ಲಿ ಚುಚ್ಚಿದ ಇನ್ನೊಂದು ಹಾಳೆ, ಪತ್ರಿಕೆಯವರು ಸುದ್ದಿ ಬರೆಯುವ ತೆಳು ನ್ಯೂಸ್‌ಪ್ರಿಂಟ್ ಹಾಳೆ, ಹಳದಿಯಾಗಿತ್ತು. ಅವಳು ಅದನ್ನು ಓದಿದಳು. ಮಡಚಲಿಲ್ಲ. ನನ್ನ ಮಡಿಲಿಗೆ ಇಟ್ಟಳು.

“ನಿನ್ನ ಅಕ್ಷರ,” ಎಂದಳು.

ನನ್ನ ಅಕ್ಷರವೇ. ಷರತ್ತುಗಳ ಮೊದಲ ಕರಡು. ನಾಲ್ಕನೆಯದರಲ್ಲಿ ‘ಐದು ವರ್ಷ ಮಡಂತ್ಯಾರಿನಲ್ಲಿ’ ಎಂದು ಬರೆದಿತ್ತು. ‘ಮಡಂತ್ಯಾರಿನಲ್ಲಿ’ ಎಂಬುದನ್ನು ಹೊಡೆದು ಅದರ ಮೇಲೆ ‘ಊರಿನಲ್ಲಿ’ ಎಂದು ಬರೆದಿತ್ತು. ಪಕ್ಕದ ಅಂಚಿನಲ್ಲಿ, ಸುದ್ದಿ ತಿದ್ದುವಾಗ ನಾನು ಹಾಕುವ ಹಾಗೆಯೇ, ಕಾರಣ ಹಾಕಿದ್ದೆ: ‘ಬಂಟ್ವಾಳ, ಮೂಡುಬಿದಿರೆ ಕಡೆಯ ದಾನಿಗಳೂ ಇದ್ದಾರೆ. ಒಂದೇ ಸ್ಥಳದ ಹೆಸರು ಬೇಡ.’

ಆಗ ನೆನಪಾಯಿತು. ಹಾಜಾಕನ ಅಂಗಡಿಯಲ್ಲಿ ಕೂತು ತಿದ್ದಿದ್ದು, ಅವರು ಬಟ್ಟೆಯ ಥಾನು ಸುತ್ತುತ್ತಾ ಎಲ್ಲ ಕಡೆಯವರಿಗೂ ಸಮಾಧಾನ ಆಗುವ ಶಬ್ದ ಹಾಕು ಮಾರಾಯ ಎಂದದ್ದು, ನಾನು ಹಾಕಿದ್ದು. ಒಂದೇ ಸಲಕ್ಕೆ ಕೂತು ಬರೆದದ್ದಲ್ಲ. ಮಡಂತ್ಯಾರು ಅಲ್ಲ ಎಂದೇ ಆ ಪದವನ್ನು ಹಾಕಿದ್ದು. ಸಭೆಯಲ್ಲಿ ಮಾಸ್ಟ್ರ ಮುಂದೆ ತೆರೆದಿದ್ದ ಕಡತದಲ್ಲಿ ಆ ಹಾಳೆ ಇತ್ತು. ತಿರುಗಿಸಿ ನೋಡಲು ಯಾರಿಗೂ ಹೊತ್ತಿರಲಿಲ್ಲ. ಮೂಲ ಪ್ರತಿ ನೋಡದೆ ನೆನಪಿನಿಂದ ಬರೆಯಬಾರದು ಎಂದು ಹೊಸ ವರದಿಗಾರರಿಗೆ ಹೇಳಿಕೊಡುತ್ತಿದ್ದವನು ನಾನು.

ಬಸ್ಸು ವೇಣೂರಿನಲ್ಲಿ ನಿಂತಿತು. ಜನ ಹತ್ತಿದರು. ನಾನು ಏನನ್ನೋ ಹೇಳಲು ತೊಡಗಿದೆ.

“ಬೇಡ ಕಾಕ,” ಎಂದಳು. “ಸೀಟು ಬಿಡು. ಅವರು ಬಸುರಿ.”

ನಾನು ಎದ್ದೆ. ಬಸುರಿ ಹೆಂಗಸು ಕೂತರು. ತಂಗಿ ಅವರ ಕೈ ನೋಡಲಿಲ್ಲ. ಮುಖವನ್ನು ಕಿಟಕಿಗೆ ತಿರುಗಿಸಿ ಮೂಡುಬಿದಿರೆ ಬರುವವರೆಗೂ ಹಾಗೆಯೇ ಇದ್ದಳು.

ಆಮೇಲೆ ಅವಳು ಆ ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದಳು. ಇತ್ತೀಚಿನ ವರ್ಷಗಳಲ್ಲಿ ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂಬ ಕಾಲಂ ಇತ್ತು. ‘ಇಲ್ಲ’ ಎಂದು ಬರೆದಳು. ಕರೆ ಬರಲಿಲ್ಲ. ಮೂಡುಬಿದಿರೆಯ ಒಂದು ಹಾಸ್ಟೆಲಿನ ಕಾಯಿಲೆ ಕೋಣೆಯಲ್ಲಿ ಕೆಲಸ ಸಿಕ್ಕಿತು. ಜ್ವರದ ಮಾತ್ರೆ, ಉಳುಕಿದ ಕಾಲಿಗೆ ಬ್ಯಾಂಡೇಜು, ಪರೀಕ್ಷೆಯ ಹೆದರಿಕೆಗೆ ಗ್ಲೂಕೋಸು. ಇವತ್ತಿಗೂ ಅಲ್ಲೇ ಇದ್ದಾಳೆ. ಪ್ರಮಾಣಪತ್ರಗಳು ಅವಳ ಮನೆಯಲ್ಲಿವೆ. ಕರಡು ನನ್ನ ಹತ್ತಿರ ಇದೆ.

ಸಂಸ್ಥೆ ಇನ್ನೂ ವಿದ್ಯಾರ್ಥಿವೇತನ ಕೊಡುತ್ತಿದೆ. ಮಾಸ್ಟ್ರ ನಂತರ ಬಂದ ಕಾರ್ಯದರ್ಶಿ ಒಮ್ಮೆ ಷರತ್ತುಗಳನ್ನು ಹೊಸದಾಗಿ ಬರೆದುಕೊಡಿ ಎಂದು ನನ್ನಲ್ಲಿಗೆ ಬಂದರು. ಬರೆಯಲಿಲ್ಲ. ಕರಡನ್ನು ತೋರಿಸಿ, ಸಭೆಯಲ್ಲಿ ನಾನು ಹೇಳಿದ್ದು ತಪ್ಪು, ನಡಾವಳಿ ಪುಸ್ತಕದಲ್ಲಿ ತಿದ್ದುಪಡಿ ಹಾಕಿ ಎಂದೆ. ಅವರು ಹಾಳೆಯನ್ನು ಎರಡೂ ಬದಿ ನೋಡಿ ಹಿಂದೆ ಕೊಟ್ಟರು.

“ಆ ವಿಷಯ ಮುಗಿದದ್ದಲ್ವಾ?” ಎಂದರು.